ಹುಣಸೂರಿನ ಹೊಗೆಸೊಪ್ಪೂ ಜೀವಕೋಶದ ಕಟ್ಟಳೆಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ - ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಮುಂಗಾರಿನ ನಡುಗಾಲಕ್ಕೆ ಸರಿಯಾಗಿ ಒಂದು ಕೆಲಸ ನಡೆಯುತ್ತದೆ. ಎದೆಮಟ್ಟಕ್ಕೆ ಬೆಳೆದ ಹೊಗೆಸೊಪ್ಪಿನ ಗಿಡ ಹೂವಿನ ಮೊಗ್ಗು ತೋರಿಸುವ ಹೊತ್ತಿಗೆ ರೈತನು ಸಾಲುಗಳ ನಡುವೆ ನಡೆಯುತ್ತ ಪ್ರತಿಯೊಂದು ಗಿಡದ ಕುಡಿಯನ್ನು ಮುರಿದುಹಾಕುತ್ತಾನೆ. ಕುಡಿ ಮುರಿದ ಕೆಲವೇ ದಿನಗಳಲ್ಲಿ, ಅದುವರೆಗೆ ಎಲೆಗಳ ಕಂಕುಳಲ್ಲಿ ಮಲಗಿದ್ದ ಸಣ್ಣ ಮೊಗ್ಗುಗಳು ಎಚ್ಚೆತ್ತು ಚಿಗುರತೊಡಗುತ್ತವೆ. ಆ ಕಂಕುಳ ಕುಡಿಗಳನ್ನೂ ಆತ ಬಿಡುವುದಿಲ್ಲ. ಬಿಟ್ಟರೆ ಎಲೆ ದಪ್ಪವಾಗದು, ತೂಕ ಬಾರದು, ಹರಾಜಿನ ಕಟ್ಟೆಯಲ್ಲಿ ಬೆಲೆ ಸಿಗದು.

ಇದು ವ್ಯವಸಾಯದ ಮಾತು. ಆದರೆ ಇದರೊಳಗೆ ಜೀವಶಾಸ್ತ್ರದ ಅತ್ಯಂತ ಹಳೆಯ, ಅತ್ಯಂತ ಕಠಿಣವಾದ ಪ್ರಶ್ನೆಯೊಂದು ಅಡಗಿದೆ. ತುದಿಯ ಕುಡಿ ಹೋಯಿತೆಂಬ ಸುದ್ದಿ ಕೆಳಗಿನ ಮೊಗ್ಗಿಗೆ ಹೇಗೆ ತಿಳಿಯಿತು? ಅದುವರೆಗೆ ಅದನ್ನು ತಡೆದಿದ್ದವರು ಯಾರು? ಇನ್ನೂ ಹಿಂದಕ್ಕೆ ಹೋಗಿ ಕೇಳುವುದಾದರೆ, ಒಂದು ಗ್ರಾಮಿನ ತೂಕಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ನಿಲ್ಲುವಷ್ಟು ಕಿರಿದಾದ ಬೀಜದಿಂದ ಬೇರು, ಕಾಂಡ, ಎಲೆ, ಹೂವುಗಳು ತಮ್ಮತಮ್ಮ ಸ್ಥಾನದಲ್ಲಿ, ತಮ್ಮತಮ್ಮ ಕಾಲದಲ್ಲಿ ಹುಟ್ಟಿ ಬರುವಂತೆ ಕಟ್ಟಳೆ ಮಾಡಿದ್ದು ಯಾವುದು? ವಂಶವಾಹಿಗಳು, ಅಂದರೆ ಜೀನುಗಳು, ಎಂದು ಈ ಕಾಲದ ಶಾಲಾಬಾಲಕನೂ ಉತ್ತರಿಸಿಯಾನು. ಆ ಉತ್ತರ ಮನುಷ್ಯನಿಗೆ ದೊರೆತದ್ದು ಹೇಗೆ ಎಂಬ ಇತಿಹಾಸವನ್ನು ತೆರೆದು ನೋಡಿದರೆ ಪುಟಪುಟದಲ್ಲಿಯೂ ಎದುರಾಗುವುದು ಇದೇ ಗಿಡ, ಹೊಗೆಸೊಪ್ಪು. ಆ ಇತಿಹಾಸವನ್ನು ಸ್ಥೂಲವಾಗಿ ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ಹೊಗೆಸೊಪ್ಪು ನಮ್ಮ ನೆಲದ ಸಸ್ಯವಲ್ಲ. ಮೆಣಸಿನಕಾಯಿ, ಆಲೂಗೆಡ್ಡೆಗಳಂತೆ ಇದೂ ಅಮೆರಿಕ ಖಂಡದಿಂದ ಬಂದದ್ದು. 1492ರಲ್ಲಿ ಕೊಲಂಬಸನ ಸಂಗಡಿಗರು ಅಲ್ಲಿಯ ಜನ ಇದರ ಹೊಗೆ ಸೇದುವುದನ್ನು ಕಂಡರು. ಸುಮಾರು 1560ರಲ್ಲಿ ಲಿಸ್ಬನ್ನಿನಲ್ಲಿದ್ದ ಫ್ರೆಂಚ್ ರಾಯಭಾರಿ ಜಾನ್ ನಿಕೊ ಇದನ್ನು ತನ್ನ ದೇಶದ ಅರಮನೆಗೆ ಕಳುಹಿಸಿದ. ಅವನ ಹೆಸರೇ ಮುಂದೆ ನಿಕೋಟಿಯಾನ ಎಂಬ ಕುಲನಾಮವಾಗಿ, ನಿಕೋಟಿನ್ ಎಂಬ ವಿಷದ ಹೆಸರೂ ಆಗಿ ಉಳಿಯಿತು. ಭಾರತಕ್ಕೆ ಇದನ್ನು ತಂದವರು ಪೋರ್ಚುಗೀಸರು. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ದೂತನಾಗಿ ದಕ್ಷಿಣಕ್ಕೆ ಬಂದಿದ್ದ ಅಸದ್ ಬೇಗನು ನಮ್ಮ ವಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡು ಬೆರಗಾಗಿ, ಅಂದದ ಕೊಳವೆಯೊಂದಿಗೆ ಅದನ್ನು ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದ. ಆಸ್ಥಾನದ ವೈದ್ಯರು ಬೇಡವೆಂದರೂ ಚಕ್ರವರ್ತಿ ಒಂದೆರಡು ದಮ್ಮು ಎಳೆದನಂತೆ. ಅವನ ಮಗ ಜಹಾಂಗೀರನು 1617ರಲ್ಲಿ ಧೂಮಪಾನವನ್ನು ನಿಷೇಧಿಸಿದ. ಆ ನಿಷೇಧ ನಡೆಯಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಹುಣಸೂರು ಸೀಮೆಯ ಹೊಗೆಸೊಪ್ಪು ಇವುಗಳಲ್ಲಿ ಒಂದು ವಿಶೇಷ ಜಾತಿ. ಮಳೆಯಾಶ್ರಯದ ಹಗುರ ಕೆಂಪು ಮಣ್ಣಿನಲ್ಲಿ ಬೆಳೆದು, ಬ್ಯಾರನ್ ಎಂದು ಕರೆಯುವ ಮುಚ್ಚಿದ ಮನೆಯಲ್ಲಿ, ಕೊಳವೆಗಳಲ್ಲಿ ಹಾಯುವ ಬಿಸಿಗೆ ಹದಗೊಂಡು, ಹೊನ್ನಿನ ಬಣ್ಣಕ್ಕೆ ತಿರುಗಿ ಸಿಗರೇಟಿನ ಕಾರ್ಖಾನೆಗಳಿಗೂ ಹೊರದೇಶಗಳಿಗೂ ಹೋಗುವ ಸೊಪ್ಪು ಇದು. 1947ರಲ್ಲಿ ರಾಜಮಹೇಂದ್ರಿಯಲ್ಲಿ ಸ್ಥಾಪನೆಯಾದ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆಯ ಶಾಖೆಯೊಂದು ಹುಣಸೂರಿನಲ್ಲಿಯೂ ಏರ್ಪಟ್ಟಿತು. ಈ ಸೀಮೆಯ ಹೊಲಗಳನ್ನೆಲ್ಲ ಬಹುಕಾಲ ಆಳಿದ ‘ಕಾಂಚನ್’ ಎಂಬ ತಳಿ ಅಲ್ಲಿ ರೂಪುಗೊಂಡದ್ದು. 1976ರಲ್ಲಿ ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂದಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜಿನ ಪದ್ಧತಿ ಆರಂಭವಾಯಿತು. ಅಂದಿನಿಂದ ಈ ತಾಲ್ಲೂಕುಗಳ ಅಸಂಖ್ಯಾತ ಮನೆಗಳ ಮದುವೆ, ಮಕ್ಕಳ ಓದು, ಸಾಲದ ತೀರುವಳಿ ಎಲ್ಲವೂ ಹರಾಜು ಮಾರುಕಟ್ಟೆಯ ದರವನ್ನು ನೆಚ್ಚಿಕೊಂಡು ನಡೆದುಬಂದಿವೆ.

ಈಗ ವಿಜ್ಞಾನದ ಕಥೆಗೆ ಬರೋಣ. ಹದಿನೆಂಟನೆಯ ಶತಮಾನದಲ್ಲಿ ದೊಡ್ಡದೊಂದು ವಿವಾದವಿತ್ತು. ಬೀಜದೊಳಗೆ ಇಡೀ ಗಿಡವು ಪುಟ್ಟ ಆಕಾರದಲ್ಲಿ ಮೊದಲೇ ಸಿದ್ಧವಾಗಿ ಮಡಿಸಿಟ್ಟಿರುತ್ತದೆ, ಬೆಳೆಯುವುದೆಂದರೆ ಅದು ಬಿಚ್ಚಿಕೊಳ್ಳುವುದಷ್ಟೇ ಎಂದು ಒಂದು ಪಕ್ಷದವರು ನಂಬಿದ್ದರು. ಹಾಗಿದ್ದರೆ ಸಂತಾನವು ತಾಯಿಯನ್ನೋ ತಂದೆಯನ್ನೋ ಒಬ್ಬರನ್ನೇ ಹೋಲಬೇಕು. 1760ರಲ್ಲಿ ಜರ್ಮನಿಯ ಕೋಲ್‌ರಾಯ್ಟರ್ ಎಂಬಾತ ಹೊಗೆಸೊಪ್ಪಿನ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ಮಿಶ್ರತಳಿಯನ್ನು ಪಡೆದ. ಹುಟ್ಟಿದ ಗಿಡಗಳು ಎರಡೂ ಕಡೆಯ ಲಕ್ಷಣಗಳನ್ನು ಹಂಚಿಕೊಂಡು ನಡುವಣ ರೂಪದಲ್ಲಿ ಬೆಳೆದುನಿಂತವು. ಹೇಸರಗತ್ತೆಯಂತೆ ಅವು ಸ್ವತಃ ಫಲ ಕೊಡಲಾರದೆ ಹೋದವು. ಒಂದು ಪ್ರಭೇದದ ಪರಾಗವನ್ನೇ ತಲೆಮಾರಿನಿಂದ ತಲೆಮಾರಿಗೆ ಮತ್ತೆ ಮತ್ತೆ ಹಾಕುತ್ತ ಹೋದಾಗ, ಮಿಶ್ರತಳಿಯ ಗಿಡ ಕ್ರಮಕ್ರಮವಾಗಿ ಆ ಪ್ರಭೇದವೇ ಆಗಿ ಮಾರ್ಪಟ್ಟಿತು. ಮಡಿಸಿಟ್ಟ ಪುಟ್ಟ ಗಿಡದ ಕಲ್ಪನೆಗೆ ಇದು ದೊಡ್ಡ ಪೆಟ್ಟು. ಬೀಜದಲ್ಲಿರುವುದು ಗಿಡವಲ್ಲ, ಗಿಡವನ್ನು ಕಟ್ಟುವ ವಿಧಿ. ಆ ವಿಧಿ ತಂದೆತಾಯಿಗಳಿಬ್ಬರಿಂದಲೂ ಬರುತ್ತದೆ. ಮೆಂಡಲನು ಬಟಾಣಿಯ ಲೆಕ್ಕವನ್ನು ಲೋಕಕ್ಕೆ ಹೇಳುವುದಕ್ಕೆ ನೂರು ವರ್ಷ ಮೊದಲು ಹೊಗೆಸೊಪ್ಪು ಇಷ್ಟನ್ನು ಹೇಳಿತ್ತು.

ಇನ್ನೊಂದು ಸ್ವಾರಸ್ಯವೆಂದರೆ, ನಾವು ಬೆಳೆಯುವ ಹೊಗೆಸೊಪ್ಪೇ ಪ್ರಕೃತಿ ಮಾಡಿದ ಮಿಶ್ರತಳಿ. ಮನುಷ್ಯ ಅದನ್ನು ಬಿತ್ತುವುದಕ್ಕೆ ಬಹು ಹಿಂದೆಯೇ ಎರಡು ಕಾಡುಜಾತಿಗಳು ಕೂಡಿದ್ದವು. ಒಂದೊಂದರ 24 ವರ್ಣತಂತುಗಳೂ ಉಳಿದುಕೊಂಡು ಇದರ ಕೋಶದಲ್ಲಿ 48 ವರ್ಣತಂತುಗಳಿವೆ. ಎರಡು ಮನೆತನಗಳ ಸಂಪೂರ್ಣ ದಫ್ತರವನ್ನು ಹೊತ್ತ ಗಿಡವಿದು.

ಆ ದಫ್ತರವನ್ನು ಯಾವಾಗ ತೆರೆದು ಓದಬೇಕು ಎಂಬುದು ಎರಡನೆಯ ಪ್ರಶ್ನೆ. 1906ರ ಸುಮಾರಿಗೆ ಅಮೆರಿಕದ ಮೇರಿಲೆಂಡ್ ಸೀಮೆಯ ಹೊಗೆಸೊಪ್ಪಿನ ಹೊಲದಲ್ಲಿ ದೈತ್ಯಗಿಡಗಳು ಕಾಣಿಸಿಕೊಂಡವು. ಅವು ಬೇಸಗೆಯೆಲ್ಲ ಹೂ ಬಿಡದೆ ಎಲೆಯ ಮೇಲೆ ಎಲೆ ಹಾಕುತ್ತ ಆಳೆತ್ತರವನ್ನು ಮೀರಿ ಬೆಳೆದವು. ಒಂದೇ ಒಂದು ಜೀನಿನ ವ್ಯತ್ಯಾಸದಿಂದ ಆದದ್ದು ಇದು. ಬೀಜವೇ ಕಟ್ಟದೆ ಹಿಮ ಬಿದ್ದು ಸಾಯುವ ಈ ಗಿಡಗಳ ಬೀಜ ಪಡೆಯುವುದು ಹೇಗೆ? ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಇವನ್ನು ಗಾಜಿನ ಮನೆಯೊಳಗಿಟ್ಟಾಗ, ಅವು ಚಳಿಗಾಲದಲ್ಲಿ ಚಿಕ್ಕವಿರುವಾಗಲೇ ಹೂ ಬಿಟ್ಟವು. ಕಾವನ್ನೂ ತೇವವನ್ನೂ ಬದಲಿಸಿ ನೋಡಿ, ಕೊನೆಗೆ 1918ರ ಬೇಸಗೆಯಲ್ಲಿ ಅವರು ಗಿಡಗಳನ್ನು ಪ್ರತಿದಿನ ಸಂಜೆಗೆ ಮೊದಲೇ ಕತ್ತಲ ಗೂಡಿನೊಳಗೆ ಸೇರಿಸಿ, ಏಳು ಗಂಟೆಯ ಹೊತ್ತು ಮಾತ್ರ ಬೆಳಕು ಕಾಣಿಸಿದರು. ದೈತ್ಯಗಿಡ ಹೂ ಬಿಟ್ಟಿತು. 1920ರಲ್ಲಿ ಅವರು ಪ್ರಕಟಿಸಿದ ಈ ಶೋಧನೆಯಿಂದ, ಸಸ್ಯವು ಹಗಲಿರುಳಿನ ಉದ್ದವನ್ನು ಅಳೆಯುತ್ತದೆಯೆಂಬುದು ಸಿದ್ಧವಾಯಿತು. ಅಳೆಯುವುದು ಎಲೆ, ಹೂ ಕಟ್ಟುವುದು ತುದಿ. ನಡುವೆ ಓಡಾಡುವ ದೂತನೊಬ್ಬನಿರಬೇಕೆಂದು 1930ರ ದಶಕದಲ್ಲಿ ರಷ್ಯದ ಚಾಯ್ಲಖ್ಯಾನ್ ಊಹಿಸಿದರು. ಆ ದೂತನು ಎಲೆಯ ಜೀನೊಂದು ಮಾಡಿಸಿದ ಪ್ರೋಟೀನ್ ಎಂದು 2007ರಲ್ಲಿ ಬೇರೆ ಸಸ್ಯಗಳಲ್ಲಿ ಗೊತ್ತಾಯಿತು. ಜೀನು ಗೋಡೆಯ ಮೇಲಿನ ಶಾಸನದಂತೆ ನಿಶ್ಚಲವಾಗಿ ನಿಂತದ್ದಲ್ಲ. ಹೊರಗಿನ ಲೋಕವನ್ನು ಕೇಳಿ, ಸಮಯವರಿತು ಬಾಯಿಬಿಡತಕ್ಕದ್ದು.

ಇನ್ನು ಕುಡಿ ಮುರಿಯುವ ವಿಚಾರ. ಗಿಡದ ತುದಿಯಲ್ಲಿ ಹುಟ್ಟಿ ಕೆಳಕ್ಕಿಳಿಯುವ ಆಕ್ಸಿನ್ ಎಂಬ ರಸವೇ ಕಂಕುಳ ಮೊಗ್ಗುಗಳನ್ನು ತಡೆಯುತ್ತದೆಂದು 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಅವರು ಅವರೆಯ ಜಾತಿಯ ಗಿಡವೊಂದರಲ್ಲಿ ತೋರಿಸಿದರು: ತುದಿಯನ್ನು ಕತ್ತರಿಸಿ ಆ ಗಾಯಕ್ಕೆ ಆಕ್ಸಿನ್ ಹಚ್ಚಿದರೆ ಮೊಗ್ಗುಗಳು ತುದಿ ಇನ್ನೂ ಇದೆಯೆಂದೇ ತಿಳಿದು ಮಲಗಿರುತ್ತವೆ. ಈಗ ಗೊತ್ತಿರುವಂತೆ ಈ ತಡೆ ಒಬ್ಬನ ಆಜ್ಞೆಯಲ್ಲ, ಹಲವರ ಪಂಚಾಯಿತಿ. ಆಕ್ಸಿನ್ನಿನ ಮಾತನ್ನು ಮೊಗ್ಗಿಗೆ ಮುಟ್ಟಿಸುವ ಬೇರೆ ರಸಗಳಿವೆ. ಅವುಗಳಲ್ಲಿ ಒಂದು 2008ರಲ್ಲಿ ಸ್ಪಷ್ಟವಾಯಿತು. ಗಿಡ ಅದನ್ನು ಬೇರಿನಿಂದ ಮಣ್ಣಿಗೂ ಬಿಡುತ್ತದೆ. ಹೊಗೆಸೊಪ್ಪಿನ ಬೇರಿಗೆ ಅಂಟಿ ಅದರ ಸಾರವನ್ನು ಹೀರುವ ಒರೊಬ್ಯಾಂಕಿ ಎಂಬ ಹಸಿರಿಲ್ಲದ ಕಳೆಯ ಬೀಜ ಇಂಥ ರಸದ ಸುಳಿವು ಹಿಡಿದೇ ಮೊಳೆಯುತ್ತದೆ. ಮನೆಯೊಳಗಿನ ಮಾತನ್ನು ಕಳ್ಳನೂ ಕೇಳಿಸಿಕೊಂಡಂತೆ! ತುದಿ ಹೋದಾಗ ಅತ್ತ ಹರಿಯುತ್ತಿದ್ದ ಸಕ್ಕರೆ ಮೊಗ್ಗಿನತ್ತ ತಿರುಗುತ್ತದೆ. ಮೊಗ್ಗನ್ನು ನಿದ್ರೆಯಲ್ಲಿರಿಸಿದ್ದ ಜೀನುಗಳು ಸುಮ್ಮನಾಗುತ್ತವೆ. ಅತ್ತ ಬೇರಿನಲ್ಲಿ ನಿಕೋಟಿನ್ನಿನ ತಯಾರಿಕೆ ಹೆಚ್ಚುತ್ತದೆ. ನಿಕೋಟಿನ್ ಹುಟ್ಟುವುದು ಬೇರಿನಲ್ಲಿ, ಎಲೆಯಲ್ಲಲ್ಲ ಎಂಬುದನ್ನು ಡಾಸನ್ ಎಂಬಾತ 1942ರಲ್ಲಿ ಕಸಿ ಕಟ್ಟಿ ತೋರಿಸಿದ: ಹೊಗೆಸೊಪ್ಪಿನ ಬೇರಿಗೆ ಟೊಮೆಟೊ ಕಸಿ ಮಾಡಿದಾಗ ಟೊಮೆಟೊ ಎಲೆಗಳಲ್ಲಿ ನಿಕೋಟಿನ್ ಸಿಕ್ಕಿತು. ಈ ಶಾಸ್ತ್ರವೆಲ್ಲ ಗೊತ್ತಿಲ್ಲದೆಯೇ ರೈತನ ಎರಡು ಬೆರಳು ಕ್ಷಣಮಾತ್ರದಲ್ಲಿ ಗಿಡದ ರಾಜ್ಯಭಾರವನ್ನು ಬದಲಿಸಿಬಿಡುತ್ತವೆ.

ಮುಂದಿನ ಘಟ್ಟ ಇನ್ನೂ ಮಹತ್ವದ್ದು. ಎಲೆಯ ಕೋಶದಲ್ಲಿ ಎಲೆಯ ವಿಧಿ ಮಾತ್ರವಿದೆಯೇ, ಇಡೀ ಗಿಡದ ವಿಧಿಯಿದೆಯೇ? ಒಂದೊಂದು ಕೋಶದಿಂದಲೂ ಪೂರ್ಣ ಸಸ್ಯವನ್ನು ಎಬ್ಬಿಸಬಹುದೆಂದು 1902ರಲ್ಲಿ ಹಾಬರ್‌ಲಾಂಟ್ ಎಂಬ ಆಸ್ಟ್ರಿಯದ ವಿದ್ವಾಂಸ ನುಡಿದಿದ್ದ. ಮಾಡಿ ತೋರಿಸಲು ಅವನಿಂದ ಆಗಲಿಲ್ಲ. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಅವರು ಹೊಗೆಸೊಪ್ಪಿನ ಕಾಂಡದ ತಿರುಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಒಂದು ಸರಳ ಸತ್ಯವನ್ನು ಕಂಡರು. ಆಹಾರದಲ್ಲಿ ಆಕ್ಸಿನ್ನಿನ ಪಾಲು ಹೆಚ್ಚಿದರೆ ಆ ಮುದ್ದೆಯಿಂದ ಬೇರು ಬರುತ್ತದೆ. ಕೈನೆಟಿನ್ ಎಂಬ ಇನ್ನೊಂದು ರಸದ ಪಾಲು ಹೆಚ್ಚಿದರೆ ಚಿಗುರು ಬರುತ್ತದೆ. ಎರಡೂ ಸಮತೂಕದಲ್ಲಿದ್ದರೆ ಮುದ್ದೆ ಮುದ್ದೆಯಾಗಿಯೇ ಉಬ್ಬುತ್ತದೆ. 1965ರಲ್ಲಿ, ದೆಹಲಿಯಲ್ಲಿ ವ್ಯಾಸಂಗ ಮಾಡಿದ್ದ ನಮ್ಮವರೇ ಆದ ಇಂದ್ರಕುಮಾರ ವಾಸಿಲರು ಹಿಲ್ಡೆಬ್ರಾಂಟ್ ಅವರೊಡಗೂಡಿ ಮಿಶ್ರತಳಿಯ ಹೊಗೆಸೊಪ್ಪಿನ ಒಂದೇ ಒಂದು ಕೋಶವನ್ನು ಬಿಡಿಸಿ ಬೆಳೆಸಿ, ಹೂ ಬಿಡುವ ಗಿಡವನ್ನಾಗಿ ಮಾಡಿದರು. ಹಾಬರ್‌ಲಾಂಟನ ಮಾತು ನಿಜವಾಯಿತು. ಪ್ರಾಣಿಗಳಲ್ಲಿ ಇದಕ್ಕೆ ಸಮಾನವಾದ ಸತ್ಯವನ್ನು ಗರ್ಡನ್ ಅವರು 1962ರಲ್ಲಿ ಕಪ್ಪೆಯ ಕರುಳಿನ ಕೋಶದಿಂದ ತೋರಿಸಿದ್ದರು.

ಅಂದರೆ ಬೇರಿನ ಕೋಶದಲ್ಲಿಯೂ ಹೂವಿನ ಪುಟವಿದೆ. ಅದನ್ನು ತೆರೆದಿಲ್ಲ, ಅಷ್ಟೆ. ಯಾವ ಪುಟವನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸುವ ಜೀನುಗಳೂ ಇವೆಯೆಂದು 1961ರಲ್ಲಿ ಫ್ರಾನ್ಸಿನ ಜಾಕೋಬ್ ಮತ್ತು ಮೊನೋ ಬ್ಯಾಕ್ಟೀರಿಯದಲ್ಲಿ ಕಂಡುಕೊಂಡಿದ್ದರು. ಬಹುಕೋಶ ಜೀವಿಗಳಲ್ಲಿ ಈ ಅಧಿಕಾರಿ ಜೀನುಗಳ ಪ್ರತಾಪ ಎಂಥದೆಂಬುದಕ್ಕೆ ಹೊಗೆಸೊಪ್ಪೇ ಮತ್ತೆ ಸಾಕ್ಷಿ ನುಡಿಯಿತು. 1992ರಲ್ಲಿ ಸಾಸಿವೆಯ ಕುಲದ ಒಂದು ಜೀನನ್ನು ಹೊಗೆಸೊಪ್ಪಿಗೆ ಸೇರಿಸಿ ಎಲ್ಲೆಡೆ ಕೆಲಸ ಮಾಡುವಂತಿಟ್ಟಾಗ, ಹೂವಿನ ಪುಷ್ಪಪತ್ರಗಳು ಅಂಡಕೋಶದ ಲಕ್ಷಣವನ್ನೂ ದಳಗಳು ಕೇಸರದ ಲಕ್ಷಣವನ್ನೂ ತಾಳಿದವು. ಮರುವರ್ಷ ನೀಲಿಮಾ ಸಿನ್ಹಾ ಮತ್ತು ಸಂಗಡಿಗರು ಮುಸುಕಿನ ಜೋಳದ ಜೀನೊಂದನ್ನು ಹೀಗೆಯೇ ಸೇರಿಸಿದಾಗ, ಎಲೆಯ ಮೇಲೆಯೇ ಹೊಸ ಚಿಗುರುಗಳು ಎದ್ದವು. ಎಲೆಯೆಂದರೆ ಬೆಳವಣಿಗೆಗೆ ಒಂದು ಕೊನೆಯಿರುವ ಅಂಗ. ‘ಇಲ್ಲಿಗೆ ಸಾಕು’ ಎಂಬ ಆ ಕಟ್ಟಳೆಯನ್ನು ಒಂದು ಜೀನು ಅಳಿಸಿಹಾಕಿತು.

ಸಾಯುವುದಕ್ಕೂ ಕಟ್ಟಳೆಯಿದೆ. ಕಟಾವಾದ ಎಲೆ ಬ್ಯಾರನ್ನಿನೊಳಗೆ ಹೋದೊಡನೆ ಒಣಗುವುದಿಲ್ಲ. ಮೊದಲ ಹಂತದಲ್ಲಿ ಮಂದವಾದ ಕಾವೂ ತೇವವೂ ಇರುವಾಗ ಅದು ಇನ್ನೂ ಜೀವಂತವಾಗಿಯೇ ಇದ್ದು, ತನ್ನ ಪಿಷ್ಟವನ್ನು ಸಕ್ಕರೆಯಾಗಿ ಒಡೆದುಕೊಂಡು, ಹಸಿರನ್ನು ಕಳೆದುಕೊಂಡು ಹಳದಿಗೆ ತಿರುಗುತ್ತದೆ. ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಕುಳಿತು ಸೌದೆ ಒಟ್ಟುವವನು ಕಾಯುವುದು ಈ ತಿರುವಿಗಾಗಿಯೇ. ಕಾವು ಬೇಗ ಏರಿದರೆ ಎಲೆ ಹಸಿರಾಗಿಯೇ ಸತ್ತು ದರ ಕೆಡುತ್ತದೆ. ಮುಪ್ಪು ಎಂಬುದು ಕೇವಲ ಸವಕಳಿಯಲ್ಲ, ಜೀನುಗಳು ನಡೆಸುವ ಕ್ರಮಬದ್ಧ ಕಾರ್ಯ ಎಂಬುದನ್ನು 1995ರಲ್ಲಿ ಗ್ಯಾನ್ ಮತ್ತು ಅಮಸೀನೊ ಹೊಗೆಸೊಪ್ಪಿನಲ್ಲಿಯೇ ಸುಂದರವಾಗಿ ತೋರಿಸಿದರು. ಮುಪ್ಪು ಆರಂಭವಾದೊಡನೆ ಅದೇ ಮುಪ್ಪನ್ನು ತಡೆಯುವ ರಸವನ್ನು ಎಲೆ ತಾನೇ ತಯಾರಿಸುವಂತೆ ಅವರು ಜೀನನ್ನು ಜೋಡಿಸಿದರು. ಆ ಎಲೆಗಳು ಬಹುಕಾಲ ಹಸಿರಾಗಿ ಉಳಿದವು.

ಹೀಗೆ ಯಾವ ಗಿಡವು ಜೀವಕೋಶದ ಕಟ್ಟಳೆಯನ್ನು ಮನುಷ್ಯನಿಗೆ ಕಲಿಸಿತೋ, ಅದೇ ಗಿಡದ ಹೊಗೆ ಮನುಷ್ಯನ ಜೀವಕೋಶದ ಕಟ್ಟಳೆಯನ್ನು ಮುರಿಯುತ್ತದೆ. ಈ ಮಾತನ್ನು ಹೇಳದೆ ಮುಂದಕ್ಕೆ ಹೋಗುವುದು ಪ್ರಾಮಾಣಿಕತೆಯಾಗದು. ಶ್ವಾಸಕೋಶದ ಅರ್ಬುದಕ್ಕೂ ಧೂಮಪಾನಕ್ಕೂ ಇರುವ ನಂಟನ್ನು 1950ರಲ್ಲಿ ಡಾಲ್ ಮತ್ತು ಹಿಲ್ ಅವರು ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ಸ್ಥಾಪಿಸಿದರು. ಆದರೆ ಒಳಗೆ ನಡೆಯುವುದೇನು? ನಮ್ಮ ಕೋಶಗಳಲ್ಲಿ ಪಿ-53 ಎಂಬ ಒಂದು ಜೀನಿದೆ. ಕೋಶದ ವಿಧಿಗೆ ಧಕ್ಕೆಯಾದಾಗ ವಿಭಜನೆಯನ್ನು ನಿಲ್ಲಿಸುವುದು, ತಿದ್ದಲಾಗದಿದ್ದರೆ ಕೋಶವನ್ನು ಸಾವಿಗೆ ಒಪ್ಪಿಸುವುದು ಅದರ ಕಾಯಕ. ‘ಇಲ್ಲಿಗೆ ಸಾಕು’ ಎನ್ನುವ ಕಾವಲುಗಾರ ಅದು. ಹೊಗೆಯ ಡಾಂಬರಿನಲ್ಲಿರುವ ಬೆಂಜೊಪೈರೀನ್ ಎಂಬ ವಸ್ತು ದೇಹದೊಳಗೆ ರೂಪಾಂತರ ಹೊಂದಿ ಈ ಜೀನಿಗೆ ಅಂಟಿಕೊಳ್ಳುತ್ತದೆ. ಅದು ಹೆಚ್ಚಾಗಿ ಅಂಟುವ ಸ್ಥಾನಗಳೂ, ಶ್ವಾಸಕೋಶದ ಗಂಟುಗಳಲ್ಲಿ ಆ ಜೀನು ಕೆಟ್ಟಿರುವ ಸ್ಥಾನಗಳೂ ಒಂದೇ ಎಂಬುದು 1996ರಲ್ಲಿ ಪ್ರಕಟವಾಯಿತು. ಅರ್ಬುದವೆಂದರೆ ಬೇರೇನಲ್ಲ, ದೇಹದ ಒಟ್ಟು ಕಟ್ಟಳೆಯನ್ನು ತೊರೆದು ತನ್ನಷ್ಟಕ್ಕೆ ತಾನು ಬೆಳೆಯತೊಡಗಿದ ಕೋಶದ ಸಂತತಿ.

ಆದ್ದರಿಂದ ಹೊಗೆಸೊಪ್ಪನ್ನು ಬಿಟ್ಟುಬಿಡಿ ಎಂದು ಆ ನಾಲ್ಕು ತಾಲ್ಲೂಕುಗಳ ರೈತರಿಗೆ ಪಟ್ಟಣದಲ್ಲಿ ಕುಳಿತು ಉಪದೇಶ ಮಾಡುವುದು ಸುಲಭ. ಮಳೆಯನ್ನೇ ನಂಬಿದ ಕೆಂಪು ನೆಲದಲ್ಲಿ, ಒಂದು ಹಂಗಾಮಿನಲ್ಲಿ ಇಷ್ಟು ರೊಕ್ಕವನ್ನು ತಂದುಕೊಡುವ, ಕೊಳ್ಳುವವನು ಗೊತ್ತಿರುವ ಇನ್ನೊಂದು ಬೆಳೆಯನ್ನು ತೋರಿಸುವುದು ಸುಲಭವಲ್ಲ. ರಾಗಿ, ಮುಸುಕಿನ ಜೋಳ, ಶುಂಠಿ, ಹತ್ತಿ ಒಂದೊಂದಕ್ಕೂ ಅದರದರ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅಂಗೀಕರಿಸಿತು. ಆ ಒಪ್ಪಂದದ ಹದಿನೇಳನೆಯ ವಿಧಿ, ಬೆಳೆಗಾರನಿಗೆ ಹೊಟ್ಟೆ ಹೊರೆಯಬಲ್ಲ ಬೇರೆ ದಾರಿಯನ್ನು ಒದಗಿಸಲು ಸರ್ಕಾರಗಳು ನೆರವಾಗಬೇಕೆಂದು ಹೇಳುತ್ತದೆ. ಉಳಿದ ವಿಧಿಗಳನ್ನು ಓದುವವರು ಇದನ್ನೂ ಅಷ್ಟೇ ಗಟ್ಟಿಯಾಗಿ ಓದಬೇಕೆಂಬುದು ನನ್ನ ಅಭಿಪ್ರಾಯ. ಬ್ಯಾರನ್ನುಗಳಿಗೆ ಸುಟ್ಟ ಸೌದೆಯ ಲೆಕ್ಕವನ್ನೂ ಅದರೊಂದಿಗೇ ಓದಬೇಕು. ಈ ಸೀಮೆಯ ಬೆನ್ನಿಗೇ ನಾಗರಹೊಳೆಯ ಕಾಡು ಇದೆ.

ಗಿಡಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ತನ್ನನ್ನು ತಿನ್ನಬರುವ ಕೀಟದಿಂದ ಉಳಿದುಕೊಳ್ಳಲು ಅದು ನಿಕೋಟಿನ್ ಮಾಡಿಕೊಂಡಿತು. ಅದನ್ನು ಸುಟ್ಟು ಎದೆಗೆ ಎಳೆದುಕೊಂಡವನು ಮನುಷ್ಯ. ಅದನ್ನೇ ಗಾಜಿನ ಪಾತ್ರೆಯಲ್ಲಿಟ್ಟು ಎರಡೂವರೆ ಶತಮಾನಗಳ ಪ್ರಶ್ನೆಗಳಿಗೆ ಉತ್ತರ ಪಡೆದವನೂ ಮನುಷ್ಯನೇ. ಒಂದು ಕೋಶವು ಸಾವಿರಾರು ಕೋಟಿ ಕೋಶಗಳ ಸಂಸಾರವಾಗಿ ಬೆಳೆಯುವಾಗ, ಎಲ್ಲವೂ ಒಂದೇ ಗ್ರಂಥವನ್ನು ಇಟ್ಟುಕೊಂಡು ತಮಗೆ ಸೇರಿದ ಪುಟವನ್ನಷ್ಟೇ ಓದುತ್ತವೆ, ನೆರೆಯವರ ಮಾತನ್ನು ಕೇಳುತ್ತವೆ, ನಿಲ್ಲಬೇಕಾದಲ್ಲಿ ನಿಲ್ಲುತ್ತವೆ. ಇದನ್ನು ನಾವು ಕಲಿತದ್ದು ಬಹುಮಟ್ಟಿಗೆ ಈ ಎಲೆಯಿಂದ. ಹುಣಸೂರಿನ ದಾರಿಯಲ್ಲಿ ಹೋಗುವಾಗ ಕುಡಿ ಮುರಿಯುತ್ತಿರುವ ರೈತನನ್ನು ಕಂಡರೆ ಈ ಋಣವನ್ನೂ, ಆತನಿಗೆ ನಾವು ತೀರಿಸಬೇಕಾಗಿರುವ ಋಣವನ್ನೂ ಒಟ್ಟಿಗೇ ನೆನೆಯಬೇಕೆಂದು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.